ಹೂರಣ ಒಣಗಿದ್ದರೆ ಬಿಸ್ಕೆಟ್ ಗರಿಗರಿ

ಪ್ರಶ್ನೆ: ರಜೆಗೆ ಮಕ್ಕಳು, ಮೊಮ್ಮಕ್ಕಳೆಲ್ಲ ಊರಿಗೆ ಬರುತ್ತಾರೆ ಮೇಡಂ. ಬೇಕರಿ ಖಾರಾ ಬಿಸ್ಕೆಟ್ ಹಿಟ್ಟಿನೊಳಗೆ ಆಲೂಗೆಡ್ಡೆ ಪಲ್ಯ ತುಂಬಿ ಬೇಯಿಸಿ ನೋಡಿದೆ. ಬಿಸಿ ಇದ್ದಾಗ ಚೆನ್ನಾಗಿತ್ತು. ರಾತ್ರಿ ಹೊತ್ತಿಗೆ ಮೆತ್ತಗಾಯಿತು. ಕೆಲವು ಓವನ್ನಿನಲ್ಲೇ ಬಿರುಕು ಬಿಟ್ಟವು. ನಾಲ್ಕೈದು ದಿನ ಡಬ್ಬದಲ್ಲಿ ಇಡೋ ಹಾಗೆ ಮಾಡುವುದು ಹೇಗೆ? (ಓದುಗರು, ಶಿವಮೊಗ್ಗ)

ಉತ್ತರ: ನಿಮ್ಮ ಹಿಟ್ಟಿನಲ್ಲಿ ತಪ್ಪೇನೂ ಇದ್ದ ಹಾಗಿಲ್ಲ. ತೊಂದರೆ ಇರುವುದು ಪಲ್ಯದಲ್ಲಿ. ಬೇಯಿಸಿದ ಆಲೂಗೆಡ್ಡೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಓವನ್ನಿನಲ್ಲಿ ಅದು ಆವಿಯಾಗಿ ಹೊರಗೆ ಬರಲು ನೋಡುತ್ತದೆ, ಅದಕ್ಕೇ ಬಿರುಕು. ಉಳಿದ ನೀರು ಆರಿದ ಮೇಲೆ ನಿಧಾನವಾಗಿ ಸುತ್ತಲಿನ ಒಣ ಹಿಟ್ಟಿಗೆ ಇಳಿಯುತ್ತದೆ, ಅದಕ್ಕೇ ಮೆತ್ತಗಾಗುವುದು. ಎಷ್ಟೇ ಬಿಗಿಯಾದ ಡಬ್ಬಕ್ಕೆ ಹಾಕಿದರೂ ಇದು ನಿಲ್ಲುವುದಿಲ್ಲ, ನೀರು ಒಳಗೇ ಇದೆಯಲ್ಲ. ಮೆತ್ತಗಾದದ್ದು ಸಣ್ಣ ವಿಷಯ. ಆಲೂಗೆಡ್ಡೆ, ಈರುಳ್ಳಿ, ಪನೀರ್ ತುಂಬಿದ್ದನ್ನು ಹೊರಗಿಟ್ಟರೆ ಹಳಸುತ್ತದೆ ಕೂಡ. ಅವನ್ನು ಮಾಡಿದ ದಿನವೇ ತಿಂದು ಮುಗಿಸಿ.

ಡಬ್ಬದಲ್ಲಿಡಲು ಒಣ ಹೂರಣವೇ ಸರಿ. ಇದಕ್ಕೆ ಹೊಸದೇನೂ ಹುಡುಕಬೇಕಿಲ್ಲ, ಚಟ್ನಿಪುಡಿಯ ಸಾಮಾನೇ ಸಾಕು. ಅರ್ಧ ಕಪ್ ಹುರಿಗಡಲೆ, ಹುರಿದು ಸಿಪ್ಪೆ ತೆಗೆದ ಶೇಂಗಾ ಕಾಲು ಕಪ್, ತುರಿದ ಒಣಕೊಬ್ಬರಿ ಎರಡು ಚಮಚ, ಒಂದು ಚಮಚ ಎಳ್ಳು, ಗರಿಗರಿಯಾಗಿ ಹುರಿದ ಕರಿಬೇವು, ಖಾರಕ್ಕೆ ತಕ್ಕಷ್ಟು ಮೆಣಸಿನಪುಡಿ, ಚಿಟಿಕೆ ಇಂಗು, ಉಪ್ಪು, ಸ್ವಲ್ಪ ಬೆಲ್ಲದ ಪುಡಿ. ತರಿತರಿಯಾಗಿ ಪುಡಿ ಮಾಡಿ. ಹುಳಿ ಬೇಕೆಂದರೆ ಆಮ್‌ಚೂರ್ ಹಾಕಿ, ಹುಣಸೆರಸ ಬೇಡ. ಪುಡಿಗೆ ಒಂದೆರಡು ಚಮಚ ಕಾಯಿಸಿ ಆರಿಸಿದ ಎಣ್ಣೆ ಕಲಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಈರುಳ್ಳಿ ರುಚಿ ಬೇಕೇ ಬೇಕು ಅನ್ನುವವರು ಅದನ್ನು ತೆಳ್ಳಗೆ ಹೆಚ್ಚಿ, ಕಂದು ಬಣ್ಣಕ್ಕೆ ಕರಿದು, ಪುಡಿ ಮಾಡಿ ಸೇರಿಸಬಹುದು. ಉತ್ತರ ಕರ್ನಾಟಕದ ಮನೆಯಾದರೆ ಶೇಂಗಾ ಚಟ್ನಿಪುಡಿ ಹೇಗೂ ಇರುತ್ತದೆ. ಅದನ್ನೇ ಹುರಿಗಡಲೆ ಪುಡಿಯ ಜೊತೆ ಬೆರೆಸಿ.

ಕಣಕಕ್ಕೆ 250 ಗ್ರಾಂ ಮೈದಾ, 125 ಗ್ರಾಂ ಬೆಣ್ಣೆ, ಒಂದು ದೊಡ್ಡ ಚಮಚ ಸಕ್ಕರೆ ಪುಡಿ, ಅರ್ಧ ಟೀ ಚಮಚ ಬೇಕಿಂಗ್ ಪೌಡರ್, ಎರಡು ಮೂರು ದೊಡ್ಡ ಚಮಚ ಮೊಸರು. ಬೇಕರಿ ಖಾರಾ ಬಿಸ್ಕೆಟ್‌ನಲ್ಲೂ ಸಣ್ಣ ಸಿಹಿ ಇರುತ್ತದೆ, ಸಕ್ಕರೆ ಬಿಡಬೇಡಿ. ಪ್ಯಾಕೆಟ್ ಬೆಣ್ಣೆಯಲ್ಲಿ ಉಪ್ಪಿದ್ದರೆ ಮೇಲೆ ಹಾಕುವ ಉಪ್ಪು ಕಾಲು ಟೀ ಚಮಚ ಸಾಕು. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಅದರಲ್ಲಿ ಮಜ್ಜಿಗೆಯ ನೀರು ಜಾಸ್ತಿ. ತಣ್ಣೀರಿನಲ್ಲಿ ತೊಳೆದು, ಚೆನ್ನಾಗಿ ಹಿಂಡಿ, ಮೊಸರನ್ನು ಒಂದು ಚಮಚದಿಂದ ಶುರು ಮಾಡಿ.

ಬೆಣ್ಣೆ ಮೆದುವಾಗಿರಬೇಕು, ಕರಗಿರಬಾರದು. ಮೊದಲು ಮೈದಾಗೆ ಬೆಣ್ಣೆಯನ್ನು ಬೆರಳ ತುದಿಯಲ್ಲಿ ಉಜ್ಜಿ, ರವೆ ಥರ ಆದ ಮೇಲೆ ಮೊಸರು ಹಾಕಿ. ಆಮೇಲೆ ನಾದಬೇಡಿ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಮೈದಾದ ಅಂಟು ಬಿಗಿಯಾಗಿ ಬಿಸ್ಕೆಟ್ ಗಡುಸಾಗುತ್ತದೆ. ಹಿಟ್ಟು ಒಂದಕ್ಕೊಂದು ಕೂಡಿಕೊಂಡರೆ ಸಾಕು. ಮುಚ್ಚಿ 20 ನಿಮಿಷ ಫ್ರಿಜ್‌ನಲ್ಲಿಡಿ.

ಖಾರದ ಬಗ್ಗೆ ಒಂದು ಮಾತು. ಹಸಿಮೆಣಸು, ಕೊತ್ತಂಬರಿಯನ್ನು ಕಣಕಕ್ಕೂ ಹಾಕಿ ಹೂರಣಕ್ಕೂ ಒಣಮೆಣಸು ಸುರಿಯುವವರಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಎರಡೂ ಜೋರಾದರೆ ಹೂರಣ ತುಂಬಿದ್ದೇ ಗೊತ್ತಾಗುವುದಿಲ್ಲ, ಅಲ್ವಾ? ಕಣಕಕ್ಕೆ ಬರೀ ಜೀರಿಗೆ, ಕರಿಬೇವು ಹಾಕಿ, ಖಾರ ಒಳಗಿರಲಿ. ಮೊಮ್ಮಕ್ಕಳ ಪಾಲಿಗೆ ಮೆಣಸಿನಪುಡಿ ಬಿಟ್ಟು ಸ್ವಲ್ಪ ಕಾಳುಮೆಣಸು ಸಾಕು. ಆ ಬಿಸ್ಕೆಟ್‌ಗಳ ಮೇಲೆ ಎಳ್ಳು ಒತ್ತಿ ಗುರುತು ಮಾಡಿ, ಇಲ್ಲದಿದ್ದರೆ ಬೆಂದ ಮೇಲೆ ಯಾವುದು ಯಾವುದೆಂದು ತಿಳಿಯದು. ಮಕ್ಕಳಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದೆಯಾ ಎಂದು ಮೊದಲೇ ಕೇಳಿಕೊಳ್ಳಿ. ಇದ್ದರೆ ಇಡೀ ಹೂರಣವನ್ನೇ ಹುರಿಗಡಲೆಯಲ್ಲಿ ಮಾಡಿ.

ಈ ಅಳತೆಗೆ ಸುಮಾರು 20 ಬಿಸ್ಕೆಟ್ ಬರುತ್ತವೆ. ನಿಂಬೆಗಿಂತ ಚಿಕ್ಕ ಉಂಡೆ ತಟ್ಟಿ, ನಡುವೆ ಒಂದು ಟೀ ಚಮಚ ಹೂರಣ ಒತ್ತಿಟ್ಟು, ಅಂಚು ಕೂಡಿಸಿ, ಕೂಡಿಸಿದ ಭಾಗ ಕೆಳಗೆ ಬರುವಂತೆ ತಟ್ಟೆಯಲ್ಲಿಡಿ. ಆಸೆಗೆ ಬಿದ್ದು ಜಾಸ್ತಿ ತುಂಬಿದರೆ ಮತ್ತೆ ಬಿರುಕೇ. ಮೇಲೆ ಫೋರ್ಕ್‌ನಿಂದ ಎರಡು ಕಡೆ ಚುಚ್ಚಿ. ಮೊದಲೇ ಕಾಯಿಸಿದ ಓವನ್ನಿನಲ್ಲಿ 170 ಡಿಗ್ರಿಯಲ್ಲಿ 22ರಿಂದ 25 ನಿಮಿಷ. ತಳ ಹೊಂಬಣ್ಣ ಬಂದಿರಬೇಕು, ಮೇಲ್ಭಾಗ ನೋಡಿ ಮೋಸ ಹೋಗಬೇಡಿ. ತೆಗೆದಾಗ ಮೆದುವಾಗಿಯೇ ಇರುತ್ತದೆ, ಆರುತ್ತಾ ಗರಿಗರಿಯಾಗುತ್ತದೆ. ಪೂರ್ತಿ ಆರುವ ತನಕ ಡಬ್ಬಕ್ಕೆ ಹಾಕಬೇಡಿ. ಹೀಗೆ ಮಾಡಿದರೆ ಒಂದು ವಾರ ಧಾರಾಳವಾಗಿ ಇರುತ್ತದೆ. ಅದಕ್ಕಿಂತ ಜಾಸ್ತಿ ಇಟ್ಟರೆ ಶೇಂಗಾ, ಕೊಬ್ಬರಿಗೆ ಕಮಟು ವಾಸನೆ ಬರಬಹುದು.

ಪ್ರಶ್ನೆ: ನಮ್ಮ ಮನೆಯಲ್ಲಿ ಓವನ್ ಇಲ್ಲ. ಕುಕ್ಕರ್‌ನಲ್ಲಿ ಆಗುತ್ತದೆಯೇ? (ಓದುಗರು, ಗದಗ)

ಉತ್ತರ: ಆಗುತ್ತದೆ. ಆದರೆ ದಿನಾ ಅನ್ನ ಮಾಡುವ ಕುಕ್ಕರ್ ಬೇಡ, ನೀರಿಲ್ಲದೆ ಕಾಯಿಸಿದರೆ ಹಾಳಾಗುತ್ತದೆ. ಹಳೆಯ ದಪ್ಪ ತಳದ ಅಲ್ಯುಮಿನಿಯಂ ಪಾತ್ರೆ ಇದ್ದರೆ ಇನ್ನೂ ಒಳ್ಳೆಯದು. ಕುಕ್ಕರ್ ಆದರೆ ರಬ್ಬರ್ ಗ್ಯಾಸ್ಕೆಟ್, ವಿಷಲ್ ಎರಡನ್ನೂ ತೆಗೆಯಲೇಬೇಕು. ತಳಕ್ಕೆ ಒಂದು ಬೆರಳಿನಷ್ಟು ಪುಡಿ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ. ಆಮೇಲೆ ಬಿಸ್ಕೆಟ್ ತಟ್ಟೆ ಇಟ್ಟು ಸಣ್ಣ ಉರಿಯಲ್ಲಿ 30ರಿಂದ 35 ನಿಮಿಷ. ಒಂದು ಸಲಕ್ಕೆ ಐದಾರೇ ಹಿಡಿಯುವುದು, ಉಳಿದ ಹಿಟ್ಟು ಫ್ರಿಜ್‌ನಲ್ಲಿರಲಿ. ಮೇಲ್ಭಾಗ ಬಿಳಿಚಿಕೊಂಡೇ ಇರುತ್ತದೆ. ಬಣ್ಣ ಬೇಕೆಂದರೆ ಕೊನೆಗೆ ಕಾವಲಿಯ ಮೇಲೆ ಮಗುಚಿ ಒಂದು ನಿಮಿಷ ಇಡಿ.

ಪ್ರಶ್ನೆ: ಅಪ್ಪನಿಗೆ ಸಕ್ಕರೆ ಕಾಯಿಲೆ. ಮೈದಾ ಬದಲು ರಾಗಿ ಹಾಕಬಹುದೇ? (ಓದುಗರು, ಮಂಡ್ಯ)

ಉತ್ತರ: ಪೂರ್ತಿ ರಾಗಿ ಹಾಕಿದರೆ ಅಂಟು ಸಾಲದೆ ಹೂರಣ ಮುಚ್ಚುವಾಗಲೇ ಒಡೆಯುತ್ತದೆ. ಮೂರು ಪಾಲು ಗೋಧಿ, ಒಂದು ಪಾಲು ರಾಗಿ ಸರಿಹೋಗುತ್ತದೆ. ಗೋಧಿಹಿಟ್ಟು ನೀರು ಜಾಸ್ತಿ ಕುಡಿಯುವುದರಿಂದ ಇನ್ನೊಂದು ಚಮಚ ಮೊಸರು ಬೇಕಾದೀತು. ಸಕ್ಕರೆ, ಬೆಲ್ಲ ಎರಡನ್ನೂ ಬಿಡಿ. ಹಾಗಂತ ಇದು ಪಥ್ಯದ ತಿಂಡಿ ಆಗುವುದಿಲ್ಲ. ಹಿಟ್ಟಿನ ಅರ್ಧ ತೂಕದಷ್ಟು ಬೆಣ್ಣೆ ಇದೆ. ಅವರಿಗೆ ಚಿಕ್ಕದಾಗಿ ಒಂದೆರಡು ಮಾಡಿ ಕೊಡಿ, ಆ ಹೊತ್ತಿನ ಬೇರೆ ತಿಂಡಿ ಕಡಿಮೆ ಮಾಡಿ. ದಿನಾ ತಿನ್ನಬಹುದೇ ಎಂಬುದನ್ನು ಮಾತ್ರ ಅವರ ವೈದ್ಯರನ್ನೇ ಕೇಳಿ.