ಮನೆ ಕಂಪ್ಯೂಟರ್‌ಗೆ ಯಾವ ಆಂಟಿವೈರಸ್ ಹಾಕಿಸಲಿ? ದುಡ್ಡು ಕೊಟ್ಟು ತಗೊಳ್ಳಲೇಬೇಕಾ?

ನೀವು ಕೇಳಿದ್ದು ಇಷ್ಟು: ಚಿತ್ರದುರ್ಗದಲ್ಲಿ ಮನೆ. 2016ರಲ್ಲಿ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್, 4 ಜಿಬಿ ರ್‍ಯಾಮ್, ವಿಂಡೋಸ್ 10. ಮಗಳು ಪಿಯುಸಿ ಓದಿಗೆ ಬಳಸುತ್ತಾಳೆ. ನೀವು ಬ್ಯಾಂಕಿನ ಕೆಲಸ ಮಾಡುತ್ತೀರಿ, ನುಡಿ ತಂತ್ರಾಂಶದಲ್ಲಿ ಸಂಘದ ಪತ್ರ ಟೈಪ್ ಮಾಡುತ್ತೀರಿ. ಹೋದ ತಿಂಗಳು ಫಾರ್ಮ್ಯಾಟ್ ಮಾಡಿಕೊಟ್ಟ ಹುಡುಗ ಮೂರು ವರ್ಷದ ಆಂಟಿವೈರಸ್ ಪ್ಯಾಕ್ ತಗೊಳ್ಳಿ ಅಂದ, ನಿಮ್ಮ ತಮ್ಮ ಫ್ರೀದೇ ಸಾಕು ಅಂದ. ಯಾರ ಮಾತು ಕೇಳಲಿ?

ನಾನು ದಾವಣಗೆರೆಯಲ್ಲಿ ಹದಿನೇಳು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದೇನೆ. ಆ ಪ್ಯಾಕ್‌ಗಳನ್ನು ಮಾರಿದ್ದೇನೆ, ಈಗಲೂ ಕೇಳಿದವರಿಗೆ ಕೊಡುತ್ತೇನೆ. ಆದರೂ ನಿಮಗೆ ಹೇಳುವುದು, ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ. ಮೊದಲು ನಿಮ್ಮ ಕಂಪ್ಯೂಟರಿನಲ್ಲಿ ಒಂದು ಜಾಗ ನೋಡಿ ಬನ್ನಿ.

ಸ್ಟಾರ್ಟ್ ಒತ್ತಿ ವಿಂಡೋಸ್ ಸೆಕ್ಯುರಿಟಿ ಎಂದು ಟೈಪ್ ಮಾಡಿ ತೆರೆಯಿರಿ. ಅಲ್ಲಿ ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್, ಅದರೊಳಗೆ ಮ್ಯಾನೇಜ್ ಸೆಟ್ಟಿಂಗ್ಸ್. ಪುಟದ ಕೆಳಗಿನವರೆಗೂ ಹೋದರೆ ಎಕ್ಸ್‌ಕ್ಲೂಷನ್ಸ್ ಅಂತ ಸಿಗುತ್ತದೆ. ಈ ಈ ಫೋಲ್ಡರುಗಳನ್ನು ತಪಾಸಣೆ ಮಾಡಬೇಡ ಎಂದು ಆಂಟಿವೈರಸ್‌ಗೆ ಹೇಳಿಟ್ಟಿರುವ ಪಟ್ಟಿ ಅದು. ನೀವಾಗಿ ಏನೂ ಹಾಕಿಲ್ಲವಾದರೆ ಅದು ಖಾಲಿ ಇರಬೇಕು. ಅಲ್ಲಿ ಇಡೀ ಸಿ ಡ್ರೈವ್ ಕಂಡರೆ, ಅಥವಾ ನೀವು ಯಾವತ್ತೂ ಕೇಳದ ಹೆಸರಿನ ಫೋಲ್ಡರ್ ಕಂಡರೆ, ನಿಮ್ಮ ಕಂಪ್ಯೂಟರಿಗೆ ಹಾಕಿರುವುದು ಕ್ರ್ಯಾಕ್ ಮಾಡಿದ ವಿಂಡೋಸ್ ಎಂದು ಅನುಮಾನಿಸಬಹುದು.

ಯಾಕೆಂದರೆ, ದುಡ್ಡು ಕೊಡದೆ ವಿಂಡೋಸ್ ಆಕ್ಟಿವೇಟ್ ಮಾಡುವ ಆಕ್ಟಿವೇಟರ್‌ಗಳನ್ನು ಡಿಫೆಂಡರ್, ಅಂದರೆ ವಿಂಡೋಸ್‌ನದೇ ಆಂಟಿವೈರಸ್, ಹಿಡಿದು ಅಳಿಸಿಬಿಡುತ್ತದೆ. ಅಳಿಸದಂತೆ ಮಾಡಲು ಹಾಕುವವರು ಮೊದಲು ಡಿಫೆಂಡರನ್ನು ಆಫ್ ಮಾಡುತ್ತಾರೆ, ಆ ಫೋಲ್ಡರನ್ನು ಎಕ್ಸ್‌ಕ್ಲೂಷನ್‌ಗೆ ಸೇರಿಸುತ್ತಾರೆ. ಅವಸರದಲ್ಲಿ ಇಡೀ ಡ್ರೈವನ್ನೇ ಸೇರಿಸಿಟ್ಟು ಎದ್ದು ಹೋದವರನ್ನು ನೋಡಿದ್ದೇನೆ. ಆಮೇಲೆ ಡಿಫೆಂಡರ್ ಆನ್ ಆಗುತ್ತದೆ, ಹಸಿರು ಟಿಕ್ ಕಾಣುತ್ತದೆ, ಎಲ್ಲ ಚೆನ್ನಾಗಿದೆ ಎಂದು ಮನೆಯವರು ನಂಬಿರುತ್ತಾರೆ. ಆದರೆ ಅದು ಆ ಡ್ರೈವಿನೊಳಗೆ ಕಣ್ಣು ಹಾಯಿಸುವುದನ್ನೇ ಬಿಟ್ಟಿರುತ್ತದೆ. ಬೇರೊಬ್ಬರು ಫಾರ್ಮ್ಯಾಟ್ ಮಾಡಿದ ಮೆಷಿನ್ ನನ್ನ ಟೇಬಲ್ಲಿಗೆ ಬಂದರೆ ನಾನು ಮೊದಲು ನೋಡುವುದು ಈ ಪಟ್ಟಿಯನ್ನೇ.

2021ರ ಮಳೆಗಾಲದಲ್ಲಿ ಮಂಡಿಪೇಟೆ ಕಡೆಯ ಗುಮಾಸ್ತರೊಬ್ಬರು ಸಿಪಿಯುವನ್ನು ಟವೆಲ್‌ನಲ್ಲಿ ಸುತ್ತಿಕೊಂಡು ಬಂದರು. "ಒಂದ್ ಫೋಟೋನೂ ಓಪನ್ ಆಗ್ತಿಲ್ಲ ನೋಡ್ರಿ. ಲೆಕ್ಕದ ಫೈಲೂ ಅಷ್ಟೆ." ತೆರೆದು ನೋಡಿದರೆ ಪ್ರತಿ ಫೈಲಿನ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕು ಅಕ್ಷರ ಅಂಟಿಕೊಂಡಿದ್ದವು. ಪ್ರತಿ ಫೋಲ್ಡರಿನಲ್ಲೂ ಒಂದು ಚೀಟಿ: ಫೈಲು ಬಿಡಿಸಿಕೊಳ್ಳಲು 980 ಡಾಲರ್, 72 ಗಂಟೆಯೊಳಗೆ ಕೊಟ್ಟರೆ 490. ಸ್ಟಾಪ್ ಅಥವಾ ಡೆಜಾವು ಎಂದು ಕರೆಯುವ ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವೈರಸ್ ಅದು, ಮನೆಬಳಕೆಯ ಕಂಪ್ಯೂಟರುಗಳನ್ನೇ ಹೆಚ್ಚಾಗಿ ಹಿಡಿಯುತ್ತದೆ. ಮಗ ಫೋಟೋ ಎಡಿಟ್ ಮಾಡುವ ಸಾಫ್ಟ್‌ವೇರಿನ ಕ್ರ್ಯಾಕ್ ಇಳಿಸಿದ್ದ. ಯೂಟ್ಯೂಬಿನಲ್ಲಿ ತೋರಿಸಿದಂತೆ ಮೊದಲು ಡಿಫೆಂಡರ್ ಆಫ್ ಮಾಡಿದ್ದ, ಆಮೇಲೆ ಇನ್‌ಸ್ಟಾಲ್ ಕೊಟ್ಟಿದ್ದ.

ಆ ತಂದೆ ಎರಡು ಸಲ ಕೇಳಿದರು, "ದುಡ್ಡು ಕೊಟ್ಟು ಒಳ್ಳೇ ಆಂಟಿವೈರಸ್ ಹಾಕ್ಸಿದ್ರೆ ಉಳೀತಿತ್ತೇನ್ರಿ?" ಉಳಿಯುತ್ತಿರಲಿಲ್ಲ. ಆಫ್ ಮಾಡು ಎಂದು ವಿಡಿಯೋ ಹೇಳಿದರೆ ಹುಡುಗ ಅದನ್ನೂ ಆಫ್ ಮಾಡುತ್ತಿದ್ದ. ಆ ರಾನ್ಸಮ್‌ವೇರಿನ ಹಳೆಯ ತಳಿಗಳಿಗೆ 2019ರ ಅಕ್ಟೋಬರಿನಲ್ಲಿ ಉಚಿತ ಪರಿಹಾರ ಬಂದಿತ್ತು. ಇವರಿಗೆ ತಗುಲಿದ್ದು ಹೊಸದು, ಬೀಗದ ಕೈ ಕಳ್ಳರ ಸರ್ವರಿನಲ್ಲೇ ಇತ್ತು. ಅದು ಪ್ರತಿ ಫೈಲಿನ ಮೊದಲ 150 ಕೆಬಿಯಷ್ಟನ್ನು ಮಾತ್ರ ಕೆಡಿಸುತ್ತದೆ, ಹಾಗಾಗಿ ನಾಮಕರಣದ ಉದ್ದನೆಯ ವಿಡಿಯೋ ಎರಡನ್ನು ಎರಡು ದಿನ ಕೂತು ರಿಪೇರಿ ಮಾಡಿದೆ. ಫೋಟೋಗಳು ಹೋದವು. ಆರು ವರ್ಷದ ಲೆಕ್ಕವೂ ಹೋಯಿತು. ಅವರು ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡು ಸುಮ್ಮನೆ ನಿಂತಿದ್ದು ನನಗೆ ಇನ್ನೂ ಕಣ್ಣ ಮುಂದಿದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಮನೆಗೆ ಸಾಕು. 2006ರಲ್ಲಿ ಬಂದಾಗ ಅದು ಸ್ಪೈವೇರ್, ಅಂದರೆ ಗುಟ್ಟಾಗಿ ಮಾಹಿತಿ ಕದಿಯುವ ಪ್ರೋಗ್ರಾಂಗಳನ್ನು ಮಾತ್ರ ಹಿಡಿಯುತ್ತಿತ್ತು, 2012ರ ವಿಂಡೋಸ್ 8ರಿಂದ ಪೂರ್ತಿ ಆಂಟಿವೈರಸ್ ಆಯಿತು. ಮೊದಮೊದಲು ಪರೀಕ್ಷೆಗಳಲ್ಲಿ ಹಿಂದೆ ಬೀಳುತ್ತಿದ್ದದ್ದು ನಿಜ. ನಾನೂ ಆಗ ಗಿರಾಕಿಗಳಿಗೆ ಬೇರೆಯದನ್ನೇ ಹೇಳುತ್ತಿದ್ದೆ. ಜರ್ಮನಿಯ ಮಾಗ್ಡೆಬುರ್ಗ್‌ನಲ್ಲಿ ಎವಿ-ಟೆಸ್ಟ್ ಎಂಬ ಸಂಸ್ಥೆ ಇದೆ. ರಕ್ಷಣೆ, ವೇಗ, ಬಳಕೆಯ ಅನುಕೂಲ ಮೂರಕ್ಕೂ ತಲಾ 6ರಂತೆ 18 ಅಂಕಕ್ಕೆ ತೂಗುತ್ತದೆ. ಕೆಲವು ವರ್ಷಗಳಿಂದ ಡಿಫೆಂಡರ್ ಅಲ್ಲಿ ದುಡ್ಡಿನ ಪ್ಯಾಕ್‌ಗಳ ಸಮಕ್ಕೇ ಅಂಕ ತೆಗೆಯುತ್ತಿದೆ. ಅದರ ಒಂದು ಕೊರತೆಯನ್ನೂ ಹೇಳಬೇಕು. ಅದು ಬಹಳ ಮಟ್ಟಿಗೆ ಇಂಟರ್ನೆಟ್ಟಿನಲ್ಲಿರುವ ಮೈಕ್ರೋಸಾಫ್ಟಿನ ಸರ್ವರನ್ನು ಕೇಳಿ ತೀರ್ಮಾನ ಮಾಡುತ್ತದೆ, ನೆಟ್ ಇಲ್ಲದಾಗ ಅದರ ಬಲ ಕುಗ್ಗುತ್ತದೆ. ಬೇಕಾದಾಗ ಮಾತ್ರ ಮೊಬೈಲ್ ಹಾಟ್‌ಸ್ಪಾಟ್ ಹಾಕುವ ಮನೆಯಾದರೆ, ಹೊರಗಿನ ಪೆನ್‌ಡ್ರೈವ್ ಚುಚ್ಚುವ ಮೊದಲು ನೆಟ್ ಆನ್ ಮಾಡಿಕೊಳ್ಳಿ.

ಪೆನ್‌ಡ್ರೈವ್ ಮಾತು ಬಂತು. ಮಗಳು ಪ್ರಾಜೆಕ್ಟ್ ಪ್ರಿಂಟ್ ಹಾಕಿಸಲು ಝೆರಾಕ್ಸ್ ಅಂಗಡಿಗೆ ಹೋಗೇ ಹೋಗುತ್ತಾಳೆ. ಅಲ್ಲಿನ ಕಂಪ್ಯೂಟರಿಗೆ ದಿನಕ್ಕೆ ನೂರಾರು ಪೆನ್‌ಡ್ರೈವ್ ಬಂದು ಹೋಗುತ್ತವೆ, ಪಾಪ ಅಂಗಡಿಯವರಾದರೂ ಎಷ್ಟನ್ನು ತಡೆದಾರು. ಮನೆಗೆ ಬಂದು ನೋಡಿದರೆ ಫೋಲ್ಡರುಗಳ ಜಾಗದಲ್ಲಿ ಬರೀ ಶಾರ್ಟ್‌ಕಟ್‌ಗಳು. ಫೈಲು ಹೋಗಿರುವುದಿಲ್ಲ, ವೈರಸ್ ಅದನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಇಟ್ಟಿರುತ್ತದೆ. ಆ ಶಾರ್ಟ್‌ಕಟ್ ಒತ್ತಿದರೆ ವೈರಸ್ ನಿಮ್ಮ ಮೆಷಿನ್ನಿಗೆ ಇಳಿಯುತ್ತದೆ. ಗಾಬರಿಯಾಗಿ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿಬಿಟ್ಟು ಅಳುತ್ತಾ ಬಂದ ಮಕ್ಕಳೂ ಇದ್ದಾರೆ. ಏನನ್ನೂ ಒತ್ತದೆ, ಪೆನ್‌ಡ್ರೈವ್ ಮೇಲೆ ಬಲ ಕ್ಲಿಕ್ ಮಾಡಿ ಮೊದಲು ಸ್ಕ್ಯಾನ್ ಮಾಡಿಸಲಿ. ಇನ್ನೂ ಒಳ್ಳೆಯದೆಂದರೆ ಫೈಲನ್ನು ಪಿಡಿಎಫ್ ಮಾಡಿ ಮೇಲ್ ಅಥವಾ ವಾಟ್ಸಪ್‌ನಲ್ಲಿ ಅಂಗಡಿಗೆ ಕಳಿಸುವುದು.

ಪ್ಯಾಕ್‌ಗಳನ್ನು ಮಾಡುವವರು ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ನಮ್ಮ ದೇಶದವೇ, ದಶಕಗಳಿಂದ ಇವೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದು ಅವರು ಯಾವ ಸೈಟಿಗೆ ಹೋಗಬೇಕು, ಎಷ್ಟು ಹೊತ್ತು ಕೂರಬೇಕು ಎಂದು ಕಟ್ಟುಪಾಡು ಬೇಕಾದವರಿಗೆ, ತೊಂದರೆಯಾದರೆ ಫೋನ್ ಮಾಡಿ ಕೇಳಲು ಒಬ್ಬರು ಬೇಕು ಎನ್ನುವವರಿಗೆ, ನಾಲ್ಕೈದು ಕಂಪ್ಯೂಟರ್ ಇಟ್ಟುಕೊಂಡ ಸಣ್ಣ ಆಫೀಸಿಗೆ ನಾನೇ ಹಾಕಿಸಿಕೊಡುತ್ತೇನೆ. ನಿಮ್ಮದು ಆ ಲೆಕ್ಕವಲ್ಲ. 4 ಜಿಬಿ ರ್‍ಯಾಮಿನ ಮೇಲೆ ದೊಡ್ಡ ಪ್ಯಾಕ್ ಕೂತರೆ ಮೆಷಿನ್ ಏದುಸಿರು ಬಿಡುತ್ತದೆ. ಆಗ ಮಗಳೇ ಒಂದು ದಿನ ಅದನ್ನು ಆಫ್ ಮಾಡುತ್ತಾಳೆ.

ನಿಮ್ಮ ತಮ್ಮ ಹೇಳುವ ಬೇರೆ ಫ್ರೀ ಆಂಟಿವೈರಸ್ ಕೂಡ ಬೇಡ. ಅದನ್ನು ಹಾಕಿದ ಕೂಡಲೇ ಡಿಫೆಂಡರ್ ಪಕ್ಕಕ್ಕೆ ಸರಿಯುತ್ತದೆ, ಎರಡು ಪಟ್ಟು ರಕ್ಷಣೆಯೇನೂ ಸಿಗುವುದಿಲ್ಲ. ಬಿಟ್ಟಿ ಕೊಡುವವರು ಎಲ್ಲಿಂದ ದುಡಿಯುತ್ತಾರೆ ಎಂದೂ ಯೋಚಿಸಬೇಕು. ಹೆಸರಾಂತ ಅವಾಸ್ಟ್ ಕಂಪನಿ ತನ್ನ ಬಳಕೆದಾರರು ಯಾವ ಯಾವ ವೆಬ್‌ಸೈಟ್ ನೋಡಿದರು ಎಂಬ ಮಾಹಿತಿಯನ್ನು ಜಂಪ್‌ಶಾಟ್ ಎಂಬ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. ಸುದ್ದಿ ಹೊರಬಿದ್ದ ಮೇಲೆ 2020ರ ಜನವರಿಯಲ್ಲಿ ಅದನ್ನು ಮುಚ್ಚಿತು. ಆ ವಿಚಾರಕ್ಕೆ 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು. ಕಾಯಲು ಇಟ್ಟುಕೊಂಡದ್ದೇ ಮನೆಯ ಮಾತನ್ನು ಬೀದಿಗೆ ಹಾಕಿದಂತಾಯಿತು.

ಇದೆಲ್ಲಕ್ಕಿಂತ ನನಗೆ ಚಿಂತೆ ಆಗಿರುವುದು ನಿಮ್ಮ ವಿಂಡೋಸ್ 10ರದು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿತು. ಹೆಸರು ನೋಂದಾಯಿಸಿಕೊಂಡ ಮನೆಬಳಕೆದಾರರಿಗೆ ಮಾತ್ರ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಪ್ಯಾಚ್ ಕೊಡುವ ಏರ್ಪಾಡು ಮಾಡಿತು. ಡಿಫೆಂಡರ್‌ಗೆ ಹೊಸ ವೈರಸ್‌ಗಳ ಗುರುತು 2028ರ ಅಕ್ಟೋಬರಿನವರೆಗೂ ಬರುತ್ತಿರುತ್ತದೆ, ಹಾಗಾಗಿ ನೋಡುವವರಿಗೆ ಎಲ್ಲ ಸರಿ ಇದೆ ಎನಿಸುತ್ತದೆ. ಆದರೆ ಇವೆರಡೂ ಒಂದೇ ಅಲ್ಲ. ಮೆಕ್ಕೆಜೋಳದ ಗೋದಾಮಿಗೆ ಬೆಕ್ಕು ತಂದು ಬಿಟ್ಟು ಗೋಡೆಯ ಬಿಲವನ್ನು ಹಾಗೇ ಬಿಟ್ಟರೆ ಎಷ್ಟು ದಿನ ನಡೆದೀತು? ಬಿಲ ಮುಚ್ಚುವುದು ಪ್ಯಾಚ್‌ನ ಕೆಲಸ. 2017ರ ಮೇ 12ರಂದು ವಾನ್ನಾಕ್ರೈ ಎಂಬ ರಾನ್ಸಮ್‌ವೇರ್ ಜಗತ್ತಿನ ತುಂಬ ಹಬ್ಬಿತಲ್ಲ, ಅದು ನುಗ್ಗಿದ ಬಿಲಕ್ಕೆ ಮಾರ್ಚ್ 14ಕ್ಕೇ ಪ್ಯಾಚ್ ಬಂದಿತ್ತು. ಎರಡು ತಿಂಗಳು ಅಪ್‌ಡೇಟ್ ಹಾಕದೆ ಬಿಟ್ಟವರು, ಹಳೇ ವಿಂಡೋಸಿನಲ್ಲೇ ಉಳಿದವರು ಸಿಕ್ಕಿಬಿದ್ದರು.

2016ರ ಮೆಷಿನ್ ಎಂದರೆ ಬಹುಶಃ ಆರನೇ ತಲೆಮಾರಿನ ಇಂಟೆಲ್ ಪ್ರೊಸೆಸರ್ ಅಥವಾ ಅದಕ್ಕೂ ಹಿಂದಿನದು. ವಿಂಡೋಸ್ 11 ಇಂಟೆಲ್ ಕೋರ್ ಸರಣಿಯಲ್ಲಿ ಎಂಟನೇ ತಲೆಮಾರಿನಿಂದ ಈಚಿನದನ್ನು ಕೇಳುತ್ತದೆ. ನಿಮ್ಮ ಕಂಪ್ಯೂಟರಿಗೆ ನಾನು ಮಾಡುತ್ತಿದ್ದದ್ದು ಹೀಗೆ: ಪ್ಯಾಕ್‌ಗೆ ಇಟ್ಟ ದುಡ್ಡಿಗೆ ಇನ್ನಷ್ಟು ಸೇರಿಸಿ 256 ಜಿಬಿಯ ಒಂದು ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್‌ಗಿಂತ ವೇಗದ ಡಿಸ್ಕ್) ಹಾಕಿ, ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಇನ್‌ಸ್ಟಾಲ್ ಮಾಡುತ್ತಿದ್ದೆ. ಉಚಿತ, ಕ್ರ್ಯಾಕ್ ಬೇಕಿಲ್ಲ, ಅಪ್‌ಡೇಟ್ ಬರುತ್ತಿರುತ್ತದೆ. ನುಡಿ ತಂತ್ರಾಂಶ ಅದರ ಮೇಲೆ ನೇರವಾಗಿ ಓಡುವುದಿಲ್ಲ, ಆದರೆ ನಿಮ್ಮ ಬೆರಳಿಗೆ ರೂಢಿಯಾದ ಕೆಜಿಪಿ ಕೀಲಿಮಣೆ ವಿನ್ಯಾಸ ಅದರಲ್ಲಿ ಸಿಗುತ್ತದೆ, ಯೂನಿಕೋಡಿನಲ್ಲೇ ಟೈಪ್ ಮಾಡಬಹುದು. ವಿಂಡೋಸೇ ಬೇಕೆಂದರೆ, ಕಂಪನಿಯವರೇ ಅಸಲಿ ವಿಂಡೋಸ್ 11 ಹಾಕಿ ಮಾರುವ ಕಂಪ್ಯೂಟರಿಗೆ ದುಡ್ಡು ಕೂಡಿಡಿ. ಅಲ್ಲಿಯವರೆಗೆ ಇದರಲ್ಲಿ ಬ್ಯಾಂಕಿನ ಕೆಲಸ ಬೇಡ.

ವಿಂಡೋಸ್ ಇಟ್ಟುಕೊಂಡರೆ ಒಂದು ಸೆಟ್ಟಿಂಗ್ ಆನ್ ಮಾಡಿ. ವಿಂಡೋಸ್ ಸೆಕ್ಯುರಿಟಿಯ ರಾನ್ಸಮ್‌ವೇರ್ ಪ್ರೊಟೆಕ್ಷನ್ ಒಳಗೆ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಇದೆ, ತಾನಾಗಿ ಆನ್ ಇರುವುದಿಲ್ಲ. ಗುರುತಿಲ್ಲದ ಪ್ರೋಗ್ರಾಂ ನಿಮ್ಮ ಡಾಕ್ಯುಮೆಂಟ್, ಪಿಕ್ಚರ್ ಫೋಲ್ಡರುಗಳನ್ನು ತಿದ್ದದಂತೆ ಅದು ತಡೆಯುತ್ತದೆ. ಹಳೆಯ ಟೈಪಿಂಗ್ ತಂತ್ರಾಂಶದಿಂದ ಸೇವ್ ಮಾಡುವಾಗಲೂ ಅಡ್ಡ ಬರಬಹುದು. ಬಂದರೆ ಆ ಒಂದು ತಂತ್ರಾಂಶಕ್ಕೆ ಅನುಮತಿ ಕೊಡಿ, ಇಡೀ ಸೆಟ್ಟಿಂಗನ್ನೇ ಆಫ್ ಮಾಡಬೇಡಿ. ಜೊತೆಗೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಇರಲಿ. ತಿಂಗಳಿಗೊಮ್ಮೆ ಫೋಟೋ, ಪತ್ರಗಳನ್ನು ಅದಕ್ಕೆ ಕಾಪಿ ಮಾಡಿ, ಕೇಬಲ್ ಕಿತ್ತು ಬೀರುವಿನಲ್ಲಿಡಿ. ಚುಚ್ಚಿಯೇ ಬಿಟ್ಟರೆ ರಾನ್ಸಮ್‌ವೇರ್ ಅದನ್ನೂ ತಿನ್ನುತ್ತದೆ. ಮಂಡಿಪೇಟೆಯವರ ಮನೆಯಲ್ಲಿ ಅಂಥದ್ದೊಂದು ಇದ್ದಿದ್ದರೆ ಅರ್ಧ ದಿನದ ಕೆಲಸವಾಗುತ್ತಿತ್ತು.

ಇನ್ನೊಂದು ವಿಷಯ, ಮಗಳಿಗೂ ತೋರಿಸಿಡಿ. ಪರದೆಯ ಬಲಗಡೆ ಕೆಳಗೆ "ನಿಮ್ಮ ಕಂಪ್ಯೂಟರಿನಲ್ಲಿ 5 ವೈರಸ್ ಇವೆ, ಆಂಟಿವೈರಸ್ ಅವಧಿ ಮುಗಿದಿದೆ" ಎಂದು ಇಂಗ್ಲಿಷಿನಲ್ಲಿ ಚೀಟಿ ಏಳುತ್ತಿರುತ್ತದೆ, ದೊಡ್ಡ ಕಂಪನಿಯ ಲೋಗೋ ಸಮೇತ. ಅದರಲ್ಲಿ ಕ್ರೋಮ್ ಎಂಬ ಹೆಸರು ಅಥವಾ ಯಾವುದೋ ವೆಬ್‌ಸೈಟಿನ ವಿಳಾಸ ಸಣ್ಣದಾಗಿ ಕಂಡರೆ ಅದು ಆಂಟಿವೈರಸ್ ಹೇಳಿದ್ದಲ್ಲ. ಎಂದೋ ಒಂದು ಸೈಟಿನಲ್ಲಿ ಅಲೋ ಒತ್ತಿದ್ದರ ಫಲ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರೊಳಗೆ ನೋಟಿಫಿಕೇಷನ್ಸ್‌ಗೆ ಹೋಗಿ ಆ ಸೈಟನ್ನು ತೆಗೆದುಹಾಕಿದರೆ ನಿಲ್ಲುತ್ತದೆ. ಅದರಲ್ಲಿರುವ ನಂಬರಿಗೆ ಫೋನ್ ಮಾಡಿದರೆ, ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್ ಎಂಬ ಸಾಫ್ಟ್‌ವೇರ್ ಹಾಕಿಸುತ್ತಾರೆ. ಎನಿಡೆಸ್ಕ್ ಕಳ್ಳ ಸಾಫ್ಟ್‌ವೇರ್ ಅಲ್ಲ, ನಾನೂ ದಿನಾ ಬಳಸುತ್ತೇನೆ, ಹಾಗಾಗಿ ಯಾವ ಆಂಟಿವೈರಸ್ಸೂ ಸಾಮಾನ್ಯವಾಗಿ ಅದನ್ನು ತಡೆಯುವುದಿಲ್ಲ. ಆ ಕಡೆ ಕೂತವನು ನಿಮ್ಮ ಕಣ್ಣೆದುರೇ ಬ್ಯಾಂಕ್ ಖಾತೆ ತೆರೆಸುತ್ತಾನೆ. ದುಡ್ಡು ಹೋಯಿತೆಂದು ತಿಳಿದ ಗಳಿಗೆಯಲ್ಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಮಾಡುತ್ತೀರೋ ದುಡ್ಡನ್ನು ತಡೆಹಿಡಿಯುವ ಸಾಧ್ಯತೆ ಅಷ್ಟು ಹೆಚ್ಚು.

ಪ್ಯಾಕನ್ನು ಇನ್ನೂ ತಂದಿಲ್ಲವೆಂದರೆ ಆ ಹುಡುಗನಿಗೆ ಒಂದೇ ಮಾತು ಕೇಳಿ, ವಿಂಡೋಸ್ ಅಸಲಿಯೋ ಅಲ್ಲವೋ ಎಂದು. ಬೈಯಬೇಡಿ, ಗಿರಾಕಿಗಳೇ ದುಡ್ಡು ಉಳಿಸಿ ಎನ್ನುವುದರಿಂದ ಊರಲ್ಲಿ ಎಲ್ಲರೂ ಹಾಗೆಯೇ ಹಾಕುತ್ತಾರೆ. ಎಕ್ಸ್‌ಕ್ಲೂಷನ್ಸ್ ಪಟ್ಟಿಯಲ್ಲಿ ಏನು ಕಂಡಿತು, ಪ್ರೊಸೆಸರ್ ಯಾವುದು, ಇವೆರಡನ್ನು ಇಲ್ಲಿ ಬರೆಯಿರಿ. ಪಟ್ಟಿಯಲ್ಲಿ ಸಿ ಡ್ರೈವ್ ಇದ್ದರೆ ಅದನ್ನು ತೆಗೆದು, ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಡಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಕಾಲು ಗಂಟೆಯಷ್ಟು ಹಿಡಿಯುತ್ತದೆ. ಆಮೇಲೆ ಬೇರೆ ಮೊಬೈಲಿನಿಂದ ಬ್ಯಾಂಕ್ ಮತ್ತು ಮೇಲ್ ಪಾಸ್‌ವರ್ಡ್ ಬದಲಿಸಿ. ಈ ಕಂಪ್ಯೂಟರಿನಿಂದ ಬದಲಿಸಬೇಡಿ.