ರೊಟ್ಟಿ ಬಡಿದು ಮುಗಿದ ಮೇಲೆ ಸಭೆ

ಪ್ರಶ್ನೆ: ಅಕ್ಕಾ, ನನಗೆ 29 ವರ್ಷ. ಹಳ್ಳಿಗಳಲ್ಲಿ ಮಹಿಳಾ ಸಂಘ ಕಟ್ಟುವ ಒಂದು ಸಂಸ್ಥೆಯಲ್ಲಿ ತಾಲ್ಲೂಕು ಸಂಯೋಜಕ. ಒಂಬತ್ತು ಜನ ಕಾರ್ಯಕರ್ತೆಯರು, 43 ಹಳ್ಳಿ. ಎಲ್ಲರೂ ನನಗಿಂತ ದೊಡ್ಡವರು. ದಿನಾ ವಾಟ್ಸಾಪ್‌ಗೆ ಸಭೆಯ ಫೋಟೋ ಹಾಕುತ್ತಾರೆ. ಊರಿಗೆ ಹೋಗಿ ವಿಚಾರಿಸಿದರೆ ಸಂಘ ಇದೆ ಅನ್ನೋದೇ ಅರ್ಧ ಜನಕ್ಕೆ ಗೊತ್ತಿಲ್ಲ. ಮೂವರು ಕೆಲಸ ಬಿಡುತ್ತೇವೆ ಅನ್ನುತ್ತಿದ್ದಾರೆ. ಬಿಗಿ ಮಾಡಲಾ, ಸಡಿಲ ಬಿಡಲಾ?
– ಸಂಯೋಜಕ, ಸಿಂಧನೂರು ಕಡೆಯಿಂದ

ತಮ್ಮಾ, ಆ ಫೋಟೋಗಳನ್ನು ಎಷ್ಟು ಗಂಟೆಗೆ ತೆಗೆದಿದ್ದಾರೆ ಅಂತ ಒಮ್ಮೆ ನೋಡಿ. ಬೆಳಿಗ್ಗೆ ಹನ್ನೊಂದು, ಹನ್ನೆರಡು ಇರುತ್ತದೆ, ಅಲ್ವಾ? ನಿಮ್ಮದು ತುಂಗಭದ್ರಾ ಕಾಲುವೆಯ ಸೀಮೆ. ನಾಟಿ ಶುರುವಾದರೆ ಹೆಣ್ಣುಮಕ್ಕಳು ಏಳು ಗಂಟೆಗೆಲ್ಲ ಟಂಟಂ ಆಟೊ ಹತ್ತಿ ಗದ್ದೆಗೆ ಹೋಗಿರುತ್ತಾರೆ. ಹತ್ತಿ ಬಿಡಿಸುವಾಗಲೂ ಅಷ್ಟೇ. ಹನ್ನೊಂದಕ್ಕೆ ಊರಲ್ಲಿ ಸಿಗುವವರು ವಯಸ್ಸಾದವರು, ಬಾಣಂತಿಯರು, ಅಂಗನವಾಡಿ ಟೀಚರು. ಅವರನ್ನೇ ಕಟ್ಟೆ ಮೇಲೆ ಕೂರಿಸಿ ಕಾರ್ಯಕರ್ತೆಯರು ಫೋಟೋ ತೆಗೆಯುತ್ತಾರೆ. ಇದನ್ನು ಕಳ್ಳತನ ಅಂದುಕೊಳ್ಳಬೇಡಿ. ಸಂಜೆಯ ಕೊನೇ ಬಸ್ಸು ತಪ್ಪಿದರೆ ಅವರಿಗೆ ಮನೆ ಸೇರುವ ದಾರಿ ಇಲ್ಲ. ಆಫೀಸು ಕೇಳುವುದು ಫೋಟೋ. ಕೇಳಿದ್ದನ್ನು ಕಳಿಸುತ್ತಾರೆ.

ನಮ್ಮ ಕಡೆ ನಿಜವಾದ ಸಭೆ ಆಗುವುದು ರಾತ್ರಿ ಎಂಟರ ಮೇಲೆ. ರೊಟ್ಟಿ ಬಡಿದು, ಮಕ್ಕಳಿಗೆ ಉಣ್ಣಿಸಿ, ಹೆಣ್ಣುಮಕ್ಕಳು ಎಲೆಅಡಿಕೆ ಸಂಚಿ ಹಿಡಿದು ಕಟ್ಟೆಗೆ ಬಂದಾಗ.

ಇದು ನನಗೆ ತಡವಾಗಿ ತಿಳಿಯಿತು. 2012ರಲ್ಲಿ ಬರ ಬಿದ್ದಿತ್ತು. ನಾನಾಗ ಏಳು ಜನರ ಮೇಲ್ವಿಚಾರಕಿ. ತಿಂಗಳಿಗೆ ಒಬ್ಬೊಬ್ಬರು 20 ಸಭೆ ಮಾಡಬೇಕು ಅಂತ ನಮ್ಮ ಲೆಕ್ಕ. ಒಬ್ಬ ಕಾರ್ಯಕರ್ತೆಯದು 11 ದಾಟಿರಲಿಲ್ಲ. ತಿಂಗಳ ಸಭೆಯಲ್ಲಿ ಎಲ್ಲರೆದುರಿಗೆ ಅವರನ್ನು ಬೈದೆ. ಅವರು ತಿರುಗಿ ಒಂದು ಮಾತೂ ಆಡಲಿಲ್ಲ. ಮುಂದಿನ ವಾರ ಅವರ ಊರಿಗೆ ಹೋಗಿ ರಾತ್ರಿ ಉಳಿದುಕೊಂಡೆ. ಕರೆಂಟ್ ಇರಲಿಲ್ಲ. ಬುಡ್ಡಿ ದೀಪದ ಮುಂದೆ ಒಬ್ಬ ಅಜ್ಜಿ ಸಂಚಿ ಬಿಚ್ಚಿ, ಅಡಿಕೆ ಸುಣ್ಣದ ನಡುವೆ ಮಡಚಿಟ್ಟ ಒಂದು ಚೀಟಿ ತೆಗೆದು ನನ್ನ ಕೈಗೆ ಕೊಟ್ಟಳು. ಉದ್ಯೋಗ ಖಾತ್ರಿಯಲ್ಲಿ ಕೆಲಸ ಕೇಳಿ ಕೊಟ್ಟ ಅರ್ಜಿಗೆ ಪಂಚಾಯಿತಿಯವರು ಕೊಟ್ಟ ಸ್ವೀಕೃತಿ. ತಾರೀಖು ಇತ್ತು, ಸೀಲ್ ಇತ್ತು.

ಆ ತಾರೀಖಿನ ಬೆಲೆ ಏನು ಅಂತ ಈ ಕೆಲಸದಲ್ಲಿ ಇದ್ದವರಿಗೆ ಗೊತ್ತು. ಅರ್ಜಿ ಕೊಟ್ಟ 15 ದಿನದಲ್ಲಿ ಕೆಲಸ ಕೊಡಬೇಕು, ಇಲ್ಲದಿದ್ದರೆ ನಿರುದ್ಯೋಗ ಭತ್ಯೆ ಕೊಡಬೇಕು ಅಂತ ಕಾನೂನಿತ್ತು. ಸ್ವೀಕೃತಿಯೇ ಇಲ್ಲದಿದ್ದರೆ ಆ 15 ದಿನ ಯಾವತ್ತಿಂದ ಶುರು? ಅದಕ್ಕೇ ಪಂಚಾಯಿತಿಯವರು ಸುಮ್ನೆ ಅರ್ಜಿ ಇಸಿದುಕೊಂಡು ಕಳಿಸಿಬಿಡುತ್ತಿದ್ದರು. ಈ ಕಾರ್ಯಕರ್ತೆ 64 ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮೂರು ಸಲ ಪಂಚಾಯಿತಿಗೆ ಹೋಗಿದ್ದರು. ಮೂರನೇ ಸಲ ಚೀಟಿ ಸಿಗುವವರೆಗೂ ಯಾರೂ ಮೆಟ್ಟಿಲಿಂದ ಎದ್ದಿರಲಿಲ್ಲ. ಆಗ ದಿನಗೂಲಿ 155 ರೂಪಾಯಿ. ಆ ವರ್ಷ ಅಷ್ಟು ಮನೆಯವರು ಬೆಂಗಳೂರಿಗೆ ಗುಳೆ ಹೋಗಲಿಲ್ಲ. ನನ್ನ ರಿಜಿಸ್ಟರಿನಲ್ಲಿ ಮಾತ್ರ ಅದು 11 ಸಭೆ. ಮುಂದಿನ ತಿಂಗಳು ಅದೇ ಏಳು ಜನರೆದುರಿಗೆ ಅವರ ಕ್ಷಮೆ ಕೇಳಿದೆ.

ನೀವೂ ಫೋಟೋ ಲೆಕ್ಕ ನಿಲ್ಲಿಸಿ. ಊರಿಗೆ ಎರಡೇ ಪ್ರಶ್ನೆ ಇಟ್ಟುಕೊಳ್ಳಿ: ಈ ತಿಂಗಳು ಕರೆಯದೆ ತಾನಾಗಿ ಬಂದವರು ಯಾರು? ಯಾರ ಕೆಲಸ ಎಲ್ಲಿ ನಿಂತಿದೆ? ಪ್ರತಿಯೊಬ್ಬ ಕಾರ್ಯಕರ್ತೆಯ ಹಳ್ಳಿಗೂ ತಿಂಗಳಿಗೆ ಒಂದು ರಾತ್ರಿ ಹೋಗಿ. ಹಿಂದೆ ಕುಳಿತುಕೊಳ್ಳಿ, ಸಭೆ ಅವರೇ ನಡೆಸಲಿ. ಜನ ‘ಸರ್, ನಮ್ಮ ಪಿಂಚಣಿ’ ಅಂತ ನಿಮ್ಮ ಕಡೆ ತಿರುಗುತ್ತಾರೆ. ಆಗ ‘ಅಕ್ಕನಿಗೆ ಹೇಳಿ, ಅವರೇ ನೋಡೋದು’ ಅನ್ನಿ. ಆದರೆ ಒಂದು ಎಚ್ಚರ. ನೀವು ಗಂಡಸು. ರಾತ್ರಿ ಒಬ್ಬರನ್ನೇ ಬೈಕಿನ ಹಿಂದೆ ಕೂರಿಸಿಕೊಂಡು ಹೋದರೆ ಮಾತು ಸುತ್ತಿಕೊಳ್ಳುವುದು ಅವರಿಗೆ, ನಿಮಗಲ್ಲ. ಅಕ್ಕಪಕ್ಕದ ಹಳ್ಳಿಯವರನ್ನು ಇಬ್ಬಿಬ್ಬರು ಜೋಡಿ ಮಾಡಿ. ಅವರು ಸಂಘದ ಸದಸ್ಯರ ಮನೆಯಲ್ಲಿ ಉಳಿಯಲಿ. ರಾತ್ರಿ ಉಳಿದವರಿಗೆ ಮರುದಿನ ಮಧ್ಯಾಹ್ನದವರೆಗೆ ರಜೆ ಕೊಡಿ.

ಇನ್ನು ಆ ಮೂವರ ವಿಷಯ. ಆಫೀಸಿಗೆ ಕರೆಸಬೇಡಿ, ನೀವೇ ಹೋಗಿ ಮಾತಾಡಿ. ನನಗೆ ಟಿ.ಎ. (ಪ್ರಯಾಣ ಭತ್ಯೆ) ಬಿಲ್ಲಿನ ಮೇಲೇ ಅನುಮಾನ ಜಾಸ್ತಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ‘ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಅಲ್ವಾ’ ಅಂತ ಪ್ರಯಾಣದ ಹಣ ಕಡಿತ ಮಾಡಿದ ಆಫೀಸುಗಳನ್ನು ನೋಡಿದ್ದೇನೆ. ಬಸ್ಸು ಕ್ರಾಸಿನಲ್ಲಿ ಇಳಿಸುತ್ತದೆ. ಅಲ್ಲಿಂದ ಊರಿಗೆ ನಾಲ್ಕು ಕಿಲೋಮೀಟರ್ ಟಂಟಂ, ಅದು ಫ್ರೀ ಅಲ್ಲ. ಆ ಹಣ ಪ್ರತಿ ತಿಂಗಳು ಐದನೇ ತಾರೀಖಿನೊಳಗೆ ಅವರ ಕೈ ಸೇರುವಂತೆ ಜಗಳ ಮಾಡಿಯಾದರೂ ನೋಡಿಕೊಳ್ಳಿ. ಬಿಗಿ ಮಾಡಬೇಕಾದರೆ ಅಲ್ಲಿಂದ ಶುರು ಮಾಡಿ.

ಪ್ರಶ್ನೆ: ಆರು ವರ್ಷದಿಂದ ಚೆನ್ನಾಗಿ ಕೆಲಸ ಮಾಡುತ್ತಿರುವ ಕಾರ್ಯಕರ್ತೆಯೊಬ್ಬರು ಸಂಘದ 14,000 ರೂಪಾಯಿ ಬ್ಯಾಂಕಿಗೆ ಕಟ್ಟದೆ ಮಗಳ ಆಸ್ಪತ್ರೆಗೆ ಖರ್ಚು ಮಾಡಿದ್ದಾರೆ. ನನಗೊಬ್ಬಳಿಗೇ ಗೊತ್ತು. ನಾನೇ ತುಂಬಿ ಮುಚ್ಚಿಬಿಡಲೇ?
– ಹೆಸರು ಬೇಡ, ಕೊಪ್ಪಳ ಜಿಲ್ಲೆ

ನಿಮ್ಮ ಮನಸ್ಸು ಒಳ್ಳೆಯದು. ಆದರೂ ಬೇಡ. ಅದು ನಿಮ್ಮ ಹಣವಲ್ಲ, ಸಂಸ್ಥೆಯದೂ ಅಲ್ಲ. ವಾರ ವಾರ ಕೂಲಿಯಲ್ಲಿ ಉಳಿಸಿದ ಹೆಣ್ಣುಮಕ್ಕಳ ಹಣ. ಕ್ಷಮಿಸುವುದಾದರೆ ಅವರೇ ಕ್ಷಮಿಸಬೇಕು. ಈ ವಾರವೇ ಇಬ್ಬರೂ ಪಾಸ್‌ಬುಕ್ ತೆಗೆದುಕೊಂಡು ಸಂಘಕ್ಕೆ ಹೋಗಿ. ಅವರ ಬಾಯಿಂದಲೇ ಹೇಳಿಸಿ, ನೀವು ಪಕ್ಕದಲ್ಲಿ ಕುಳಿತಿರಿ. ಕಂತು ಎಷ್ಟು, ಎಷ್ಟು ತಿಂಗಳು ಅಂತ ಸದಸ್ಯರೇ ತೀರ್ಮಾನ ಮಾಡಿ ನಡಾವಳಿ ಪುಸ್ತಕದಲ್ಲಿ ಬರೆಯಲಿ. ಸಂಸ್ಥೆಗೂ ಬರವಣಿಗೆಯಲ್ಲಿ ತಿಳಿಸಿ.

ಆಮೇಲೆ ಇನ್ನೊಂದು ವಿಚಾರಿಸಿ. ಹಣ ಅವರ ಕೈಗೆ ಬಂದಿದ್ದಾದರೂ ಯಾಕೆ? ಬ್ಯಾಂಕಿಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತದೆ ಅಂತ ಸದಸ್ಯರು ಅವರಿಗೇ ಕೊಟ್ಟಿರುತ್ತಾರೆ. ಇನ್ನು ಮುಂದೆ ಸದಸ್ಯರಲ್ಲೇ ಇಬ್ಬರು ಸರದಿ ಮೇಲೆ ಹೋಗಲಿ, ಅವರ ಆ ದಿನದ ಕೂಲಿಯನ್ನು ಸಂಘವೇ ಕೊಡಲಿ. ಕಾರ್ಯಕರ್ತೆ ನೋಟು ಮುಟ್ಟಲೇಬಾರದು. ಮಗಳು ಈಗ ಹೇಗಿದ್ದಾಳೆ ಅಂತ ಕೇಳಿದಿರಾ? ನಿಮ್ಮ ಪತ್ರದಲ್ಲಿ ಅದಿಲ್ಲ.

ಪ್ರಶ್ನೆ: ನಮ್ಮ ಸಂಸ್ಥೆಯಲ್ಲಿ ಏಳೇ ಜನ. ಊರಿನ ಮುಖಂಡನೊಬ್ಬ ರಾತ್ರಿ ಹೊತ್ತು ಫೋನ್ ಮಾಡಿ ನಮ್ಮ ಕಾರ್ಯಕರ್ತೆಗೆ ಕಾಟ ಕೊಡುತ್ತಿದ್ದಾನೆ. ಏನು ಮಾಡಲಿ?
– ಓದುಗರೊಬ್ಬರು, ಯಾದಗಿರಿ ಜಿಲ್ಲೆ

ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯವರಿಗೆ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಜಿಲ್ಲೆಯಲ್ಲೇ ದೂರು ಕೇಳುವ ಸ್ಥಳೀಯ ಸಮಿತಿ ಇರುತ್ತದೆ. ಕೊನೆಯ ಸಲ ಕಾಟ ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಕೆಲಸಕ್ಕಾಗಿ ಹೋಗುವ ಹಳ್ಳಿಯೂ ಕೆಲಸದ ಜಾಗವೇ. ಕಾರ್ಯಕರ್ತೆ ಪೊಲೀಸರಿಗೆ ದೂರು ಕೊಡುವುದಾದರೆ ನೆರವಾಗುವುದು ಸಂಸ್ಥೆಯ ಕರ್ತವ್ಯ. ಕಾಲ್ ಬಂದ ದಿನ, ಹೊತ್ತು ಇವತ್ತೇ ಬರೆದಿಡಿ, ಮೆಸೇಜ್ ಅಳಿಸಬೇಡಿ. ಅವರನ್ನು ಕೇಳದೆ ಆ ಊರಿಂದ ಬೇರೆ ಕಡೆ ಹಾಕಬೇಡಿ, ತಪ್ಪು ಅವರದೇ ಅನ್ನುವ ಹಾಗಾಗುತ್ತದೆ. ಅಲ್ಲೇ ಇರುತ್ತೇನೆ ಅಂದರೆ ಮುಂದಿನ ಸಭೆಗೆ ನೀವೂ ಜೊತೆಗೆ ಹೋಗಿ.