ಹೊಸ ಮೇಲಧಿಕಾರಿಯ ಮುಂದೆ ಹಳೆಯ ಭಯ

ಮೇಲಧಿಕಾರಿ ಎಷ್ಟೇ ಮೃದುವಾಗಿ ಮಾತಾಡಿದರೂ ಅಪ್ಪನ ಮುಂದೆ ನಿಂತ ಹಾಗೆ ನಾಲಿಗೆ ಒಣಗುವುದೇಕೆ ಎಂದು ಕೇಳಿದ್ದೀರಿ. ಮನೋವಿಶ್ಲೇಷಣೆಯ ಜನಕ ಸಿಗ್ಮಂಡ್ ಫ್ರಾಯ್ಡ್ ಇದನ್ನು ವರ್ಗಾವಣೆ ಎಂದರು: ಬಾಲ್ಯದಲ್ಲಿ ಒಬ್ಬರ ಬಗ್ಗೆ ಮೂಡಿದ ಭಯ, ನಿರೀಕ್ಷೆಗಳು ನಮ್ಮ ಅರಿವಿಗೆ ಬಾರದೆಯೇ ಇನ್ನೊಬ್ಬರ ಮೇಲೆ ಹೋಗಿ ಕೂರುತ್ತವೆ. 'ಡೋರಾ' ಎಂದು ಹೆಸರಿಟ್ಟು ಅವರು 1905ರಲ್ಲಿ ಪ್ರಕಟಿಸಿದ ಪ್ರಕರಣದ ಯುವತಿ ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟುಹೋದಳು. ಅವಳ ಹಳೆಯ ಭಾವನೆಗಳು ತಮ್ಮ ಮೇಲೆ ಬಂದು ಕೂತ ಈ ವರ್ಗಾವಣೆಯನ್ನು ಸಕಾಲದಲ್ಲಿ ನಿಭಾಯಿಸಲು ತಮಗಾಗಲಿಲ್ಲ ಎಂದು ಫ್ರಾಯ್ಡ್ ಅವರೇ ಬರೆದಿದ್ದಾರೆ. ನಿಮಗೆ ಈಗಲೇ ಅಪ್ಪನ ನೆನಪು ಹೊಳೆದಿದೆಯಲ್ಲ, ಅದು ಸಣ್ಣ ವಿಷಯವಲ್ಲ. ಫ್ರಾಯ್ಡ್ ಹೇಳಿದ್ದೆಲ್ಲವನ್ನೂ ನಾನು ಒಪ್ಪುವುದಿಲ್ಲ, ವರ್ಗಾವಣೆಯ ಮಾತನ್ನು ಮಾತ್ರ ಗಟ್ಟಿಯಾಗಿ ನಂಬುತ್ತೇನೆ. ಮುಂದಿನ ಸಲ ಭಯವಾದಾಗ ಮೇಲಧಿಕಾರಿ ನಿಜವಾಗಿ ಹೇಳಿದ ಮಾತೇನು, ನಿಮಗೆ ಕೇಳಿಸಿದ್ದೇನು, ಎರಡನ್ನೂ ಬರೆದಿಡಿ. ನಿದ್ದೆಯೋ ಕೆಲಸವೋ ಕೆಡುತ್ತಿದ್ದರೆ ಕಾಯಬೇಡಿ, ಆಪ್ತಸಮಾಲೋಚಕರನ್ನು ಕಾಣಿ.